ಗಿಣ್ಣದ ಹಾಲು ಮೊದಲು ಕರುವಿಗೆ



ಹೋಟಗಿಯ ಸುತ್ತಿನ ಹಳ್ಳಿಗಳಲ್ಲಿ ಪಂಢರಪುರಿ ಎಮ್ಮೆ, ಖಿಲಾರಿ ಆಕಳು, ಉಸ್ಮಾನಾಬಾದಿ ಆಡುಗಳನ್ನು ಸಾಕುತ್ತೇವೆ. ಈದ ಮೇಲೆ ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ರೂಢಿ ಹಲವು ಕಡೆ ಇದೆ. ಭೇದಿ ಹತ್ತಿ ಸಾಯುವ ಎಳೆಗರುಗಳಲ್ಲಿ ಹಲವಕ್ಕೆ ಈ ಕಾಯುವಿಕೆಯೇ ಮುಳುವಾಗುತ್ತದೆ. ಹೇಗೆಂದು ತಿಳಿಯೋಣ.

ದೇಹದ ಗ್ರಂಥಿಗಳು ರಕ್ತಕ್ಕೆ ಬಿಡುವ, ಸಂದೇಶ ಒಯ್ಯುವ ರಸಕ್ಕೆ ಹಾರ್ಮೋನು ಎನ್ನುತ್ತಾರೆ. ಗರ್ಭದ ಕೊನೆಯ ದಿನಗಳಲ್ಲಿ ಕರುವಿನ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ. ಅದು ಹೆರಿಗೆಯನ್ನು ಆರಂಭಿಸುತ್ತದೆ. ಶ್ವಾಸಕೋಶವನ್ನೂ ಕರುಳನ್ನೂ ಹೊರಗಿನ ಬಾಳಿಗೆ ಸಿದ್ಧಗೊಳಿಸುತ್ತದೆ. ನ್ಯೂಜಿಲೆಂಡಿನ ವೈದ್ಯ ಗ್ರಹಾಂ ಲಿಗಿನ್ಸ್ ೧೯೬೦ರ ದಶಕದಲ್ಲಿ ಕುರಿಗಳಲ್ಲಿ ಹೆರಿಗೆಯ ಈ ಗುಟ್ಟನ್ನು ಕಂಡುಕೊಂಡರು. ದಿನ ತುಂಬದೆ ಹುಟ್ಟಿದ ಮರಿಯಲ್ಲಿ ಈ ಸಿದ್ಧತೆ ಅರ್ಧಕ್ಕೇ ನಿಂತಿರುತ್ತದೆ. ಅದಕ್ಕೆ ಹೆಚ್ಚಿನ ಆರೈಕೆ ಬೇಕು.

ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ವಸ್ತುಗಳು ಮಾಸಿನ ಮೂಲಕ ಮಗುವಿಗೆ ಸೇರುತ್ತವೆ. ಆಕಳು, ಎಮ್ಮೆ, ಆಡು, ಕುರಿಗಳಲ್ಲಿ ಹಾಗಲ್ಲ. ಅವುಗಳ ಮರಿಗೆ ಆ ರಕ್ಷಣೆ ಗಿಣ್ಣದ ಹಾಲಿನಿಂದಲೇ ಬರಬೇಕು. ಆಗತಾನೆ ಹುಟ್ಟಿದ ಕರುವಿನ ಕರುಳು ಈ ವಸ್ತುಗಳನ್ನು ಒಡೆಯದೆ ಇಡಿಯಾಗಿ ರಕ್ತಕ್ಕೆ ಸೇರಿಸುತ್ತದೆ. ಆದರೆ ಆರು ತಾಸಿನ ನಂತರ ಈ ಶಕ್ತಿ ಬೇಗ ಕುಗ್ಗುತ್ತದೆ. ಸುಮಾರು ೨೪ ತಾಸಿಗೆ ಮುಗಿದೇ ಹೋಗುತ್ತದೆ. ಆಮೇಲೆ ಕೊಡ ತುಂಬ ಕುಡಿಸಿದರೂ ಅವು ರಕ್ತಕ್ಕೆ ಸೇರವು. ಗಿಣ್ಣದಲ್ಲಿ ಇನ್ಸುಲಿನ್ ಮತ್ತು ಅದನ್ನು ಹೋಲುವ ಬೆಳವಣಿಗೆಯ ಹಾರ್ಮೋನುಗಳೂ ಹೇರಳ. ಕರುಳಿನ ಒಳಪದರ ಬೆಳೆಯಲು ಅವು ನೆರವಾಗುತ್ತವೆ.

ಮಾಸಿನ ಚಿಂತೆಯೇ? ಕರು ಮೊಲೆ ಚೀಪಿದಾಗ ತಾಯಿಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹುಟ್ಟಿ ಗರ್ಭಕೋಶವನ್ನು ಕುಗ್ಗಿಸುತ್ತದೆ. ಇದರಿಂದ ಮಾಸು ಬೀಳಲು ಸಹಾಯವೇ ಹೊರತು ತೊಂದರೆಯಿಲ್ಲ.

ಆದ್ದರಿಂದ ಹೀಗೆ ಮಾಡಿರಿ:

೧. ಕೆಚ್ಚಲು ತೊಳೆದು, ಎರಡು ತಾಸಿನೊಳಗೆ ಕರುವಿಗೆ ಕುಡಿಸಿರಿ.

೨. ೨೦ ಕಿಲೋ ತೂಗುವ ಕರುವಿಗೆ ಮೊದಲ ದಿನ ಎರಡು ಲೀಟರಾದರೂ ಬೇಕು. ಅದರಲ್ಲಿ ಅರ್ಧ ಮೊದಲ ಸರದಿಯಲ್ಲೇ.

೩. ತಾಯಿ ಸತ್ತರೆ ಆಗಷ್ಟೇ ಈದ ಬೇರೆ ಆಕಳ ಅಥವಾ ಎಮ್ಮೆಯ ಗಿಣ್ಣ ಕೊಡಿರಿ. ಕುದಿಸಬೇಡಿರಿ, ಗಟ್ಟಿಯಾಗುತ್ತದೆ.

೪. ಮಾಸು ೧೨ ತಾಸಾದರೂ ಬೀಳದಿದ್ದರೆ ಜಗ್ಗಬೇಡಿರಿ, ಪಶುವೈದ್ಯರನ್ನು ಕರೆಯಿರಿ.

ಮನೆಯ ಬಾಣಂತಿಯ ಮೊದಲ ಹಳದಿ ಹಾಲನ್ನೂ ಹಿಂಡಿ ಚೆಲ್ಲಬಾರದು. ಅದು ಕೂಸಿನ ಕರುಳಿಗೆ ಕಾವಲು. ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಕೊಡಿಸಿರಿ.

ನೆರೆಮನೆಗೆ ಗಿಣ್ಣ ಹಂಚುವುದು ಒಳ್ಳೆಯ ಪದ್ಧತಿಯೇ. ಆದರೆ ಕರುವಿನ ಹೊಟ್ಟೆ ತುಂಬಿದ ಮೇಲೆ ಉಳಿದುದನ್ನು ಹಂಚಿರಿ.