ಫಲಕವಿಲ್ಲದ ರಸ್ತೆಗೂ ವೇಗಮಿತಿಯುಂಟು: ‘ಚಲನೆ’ ಘಟಕಕ್ಕೊಂದು ಅನ್ವಯ ಪಾಠ

ತರಗತಿ: 9   ವಿಷಯ: ವಿಜ್ಞಾನ   ಅವಧಿ: 40 ನಿಮಿಷ
ಪೂರ್ವಜ್ಞಾನ: ಜವ, ವೇಗೋತ್ಕರ್ಷ, 2as = v² − u²
ಸಾಮಗ್ರಿ: ಅಳತೆ ಪಟ್ಟಿ, ಸುಣ್ಣದ ಪುಡಿ

ಹಿನ್ನೆಲೆ
ವಿಮಾನಪುರದ ಮಕ್ಕಳು ಹಳೆ ವಿಮಾನ ನಿಲ್ದಾಣ ರಸ್ತೆಯನ್ನೂ ಫಲಕವಿಲ್ಲದ ಅಡ್ಡರಸ್ತೆಗಳನ್ನೂ ಬಲ್ಲರು. ‘ಬೋರ್ಡ್ ಇಲ್ಲದಿದ್ದರೆ ಎಷ್ಟು ಸ್ಪೀಡಾದರೂ ಹೋಗಬಹುದು’ ಎಂಬ ತಪ್ಪು ಕಲ್ಪನೆಯನ್ನು ತಿದ್ದುವುದು ಈ ಪಾಠದ ಉದ್ದೇಶ. ಪಠ್ಯದ ‘ಜವ’ವೇ ರಸ್ತೆಯ ಮಾತಿನಲ್ಲಿ ‘ವೇಗ’ ಎಂಬುದನ್ನು ಆರಂಭದಲ್ಲೇ ಸ್ಪಷ್ಟಪಡಿಸಿ.

ತೊಡಗಿಸುವಿಕೆ
ಪ್ರಶ್ನೆ: ‘ನಿಮ್ಮ ಮನೆಯ ಬೀದಿಯಲ್ಲಿ ವೇಗಮಿತಿಯ ಫಲಕವಿದೆಯೇ? ಇಲ್ಲದಿದ್ದರೆ ಅಲ್ಲಿ ಮಿತಿ ಎಷ್ಟು?’ ಉತ್ತರಗಳನ್ನೆಲ್ಲ ತಿದ್ದದೆ ಕಪ್ಪುಹಲಗೆಯ ಮೇಲೆ ಬರೆಯಿರಿ.

ವಿವರಣೆ
1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಂತೆ ಗರಿಷ್ಠ ವೇಗವನ್ನು ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುತ್ತದೆ. ಸಾರ್ವಜನಿಕ ಸುರಕ್ಷತೆಗಾಗಿ ರಾಜ್ಯ ಸರ್ಕಾರ ನಿರ್ದಿಷ್ಟ ರಸ್ತೆಗೆ ಪ್ರತ್ಯೇಕ ಮಿತಿ ವಿಧಿಸಿ ಫಲಕ ಹಾಕಿಸಬಹುದು. ಫಲಕವಿಲ್ಲದಿದ್ದರೆ ಸಾಮಾನ್ಯ ಮಿತಿಯೇ ಅನ್ವಯ. 2018ರ ಏಪ್ರಿಲ್ 6ರ ಅಧಿಸೂಚನೆಯು ನಗರಾಡಳಿತ ವ್ಯಾಪ್ತಿಯ ರಸ್ತೆಗಳಿಗೆ ನೀಡಿದ ಗರಿಷ್ಠ ಮಿತಿ (ಗಂಟೆಗೆ ಕಿ.ಮೀ.):

ಕಾರು – 70
ಬಸ್ಸು, ಲಾರಿ – 60
ಬೈಕು – 60
ಆಟೋ – 50

ಬೋಧನೆಗೆ ಮೊದಲು ಈ ಅಂಕಿಗಳನ್ನು ಜಾರಿಯಲ್ಲಿರುವ ಅಧಿಸೂಚನೆಯೊಂದಿಗೆ ತಾಳೆ ನೋಡಿ.

ಚಟುವಟಿಕೆ
ಇಲ್ಲಿ ಮಕ್ಕಳು ‘ಹಾಗಾದರೆ ಗಲ್ಲಿಯಲ್ಲೂ 60ರಲ್ಲಿ ಹೋಗಬಹುದೇ?’ ಎಂದು ಕೇಳುತ್ತಾರೆ. ಪಾಠದ ತಿರುಳು ಇದೇ. ಉತ್ತರವನ್ನು ಅವರೇ ಲೆಕ್ಕದಿಂದ ಕಂಡುಕೊಳ್ಳಲಿ. ಚಾಲಕ ಬ್ರೇಕ್ ಒತ್ತಲು 1 ಸೆಕೆಂಡ್ ಬೇಕು, ಋಣ ವೇಗೋತ್ಕರ್ಷ 6 ಮೀ/ಸೆ² ಎಂದಿಟ್ಟುಕೊಳ್ಳಿ.

30 ಕಿ.ಮೀ.: 8.3 + 5.8 = ಸುಮಾರು 14 ಮೀ
60 ಕಿ.ಮೀ.: 16.7 + 23.1 = ಸುಮಾರು 40 ಮೀ

ವೇಗ ಇಮ್ಮಡಿಯಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಶಾಲೆಯ ಅಂಗಳದಲ್ಲಿ ಎರಡೂ ದೂರಗಳಿಗೆ ಸುಣ್ಣದ ಗೆರೆ ಎಳೆದು, ಒಬ್ಬ ವಿದ್ಯಾರ್ಥಿಯನ್ನು 20 ಮೀಟರಿನಲ್ಲಿ ನಿಲ್ಲಿಸಿ. 30ರಲ್ಲಿ ಬಂದ ಬೈಕು ಅವನ ಮುಂದೆ ನಿಲ್ಲುತ್ತದೆ. 60ರಲ್ಲಿ ಬಂದದ್ದು ನಿಲ್ಲದು. ಅಳತೆಗೆಂದು ಮಕ್ಕಳನ್ನು ರಸ್ತೆಗೆ ಕರೆದೊಯ್ಯಬೇಡಿ.

ಮೌಲ್ಯಮಾಪನ
1. ಫಲಕವಿಲ್ಲದ ನಗರ ರಸ್ತೆಯಲ್ಲಿ ಆಟೋದ ಗರಿಷ್ಠ ಮಿತಿ ಎಷ್ಟು? ಆ ವೇಗದಲ್ಲಿ ಅದು 1 ಸೆಕೆಂಡಿನಲ್ಲಿ ಎಷ್ಟು ದೂರ ಸಾಗುತ್ತದೆ? (13.9 ಮೀ)
2. ‘ಗರಿಷ್ಠ ಮಿತಿ’ ಮತ್ತು ‘ಸುರಕ್ಷಿತ ವೇಗ’ ಹೇಗೆ ಬೇರೆ? ನಿಮ್ಮ ಬೀದಿಯ ಉದಾಹರಣೆಯೊಂದಿಗೆ ವಿವರಿಸಿ.

ಪ್ರಶಿಕ್ಷಣಾರ್ಥಿಗಳಿಗೆ
ಕೇವಲ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ 60 ಎಂಬುದು ಮಕ್ಕಳಿಗೆ ಅನುಮತಿಯಂತೆ ತೋರುತ್ತದೆ. ಅದು ಮೀರಬಾರದ ಗಡಿ ಮಾತ್ರ. ಎರಡನೇ ಪ್ರಶ್ನೆಗೆ ಬರುವ ಉತ್ತರಗಳೇ ಪಾಠ ಮುಟ್ಟಿದೆಯೋ ಇಲ್ಲವೋ ಎಂಬುದನ್ನು ತಿಳಿಸುತ್ತವೆ.