ಅಂಗಡಿ ಮಾರುವ ಮುಂಚೆ: ದೊಡ್ಡಪ್ಪನ ಕಿವಿಮಾತು

ಭಾನುವಾರ ಊಟಕ್ಕೆ ಬಂದಾಗ ನೀನು ‘ಅಂಗಡಿ ಕೊಟ್ಟುಬಿಡ್ತೀನಿ ದೊಡ್ಡಪ್ಪ, ಪಾರ್ಟಿ ಸಿಕ್ಕಿದ್ದಾರೆ’ ಅಂದೆ. ನಿನ್ನ ದೊಡ್ಡಮ್ಮನ ಎದುರಿಗೆ ದುಡ್ಡಿನ ಮಾತು ಬೇಡವೆಂದು ನಾನು ಸುಮ್ಮನಿದ್ದೆ. ಇದೇ ವಿಂಡಮ್ ವೇಲ್‌ನಲ್ಲಿ ದಿನಸಿ ಅಂಗಡಿ ಮಾರಿ ಕೈಸುಟ್ಟುಕೊಂಡವನು ನಾನು. ಓದಿಕೋ.

• ಮೊದಲು, ಮಾರುತ್ತಿರುವುದು ಏನನ್ನು? ಅಂಗಡಿ ನಿನ್ನದಲ್ಲಪ್ಪ, ಕಂಪನಿಯದು. ಕಂಪನಿ ತನ್ನ ಫ್ರಿಜ್ಜು, ಸ್ಟಾಕು, ಹೆಸರು, ಲೀಸು ಮಾರಬಹುದು. ಇಲ್ಲವೇ ನೀವು ಗಂಡಹೆಂಡತಿ ಕಂಪನಿಯ ಷೇರುಗಳನ್ನೇ ಮಾರಬಹುದು. ಕೊಳ್ಳುವವರು ಷೇರು ಅಂದರೆ ಹಿಂದೆ ಸರಿಯುತ್ತಾರೆ. ಹಳೇ ಸಾಲ, ಬಾಕಿ ತೆರಿಗೆ, ಕೆಲಸದವರ ಸೂಪರ್ (ನಿವೃತ್ತಿ ನಿಧಿ) ಬಾಕಿ ಎಲ್ಲ ಕಂಪನಿಯ ಬೆನ್ನಿಗೇ ಅಂಟಿಕೊಂಡಿರುತ್ತವೆ. ನಿನಗೆ ಷೇರೇ ಲಾಭ. 1999ರಲ್ಲಿ ಬಂದ ನಿಯಮದ ಪ್ರಕಾರ, 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಷೇರನ್ನು ವ್ಯಕ್ತಿ ಮಾರಿದರೆ ಲಾಭದ ಅರ್ಧಕ್ಕಷ್ಟೇ ತೆರಿಗೆ. ಕಂಪನಿಗೆ ಆ ರಿಯಾಯಿತಿ ಇಲ್ಲ. (ಕ್ಯಾನ್‌ಬೆರಾದವರ ಕಣ್ಣು ಆಗಾಗ ಇದರ ಮೇಲೆ ಬೀಳುತ್ತದೆ. ಸಹಿ ಹಾಕುವ ದಿನ ನಿಯಮ ಏನಿದೆಯೋ ಕೇಳಿಕೋ.)

• ಕಂಪನಿಯೇ ಮಾರುವುದಾದರೆ ಒಟ್ಟು ಮೊತ್ತಕ್ಕೆ ತಲೆಯಾಡಿಸಬೇಡ. ಯಾವುದಕ್ಕೆ ಎಷ್ಟು ಎಂದು ಕರಾರಿನಲ್ಲೇ ಬರೆಸು. ನಿಜವಾದ ಹಗ್ಗಜಗ್ಗಾಟ ಇರುವುದೇ ಇಲ್ಲಿ. ಸ್ಟಾಕಿಗೆ ಬಂದದ್ದು ಮಾಮೂಲಿ ಆದಾಯ. ಕೂಲ್ ರೂಮಿನದು ಇನ್ನೂ ಮೋಜು: ಅದನ್ನು 18,000 ಡಾಲರಿಗೆ ಕೊಂಡ ವರ್ಷವೇ ಪೂರ್ತಿ ಖರ್ಚು ಹಾಕಿಬಿಟ್ಟಿದ್ದೆಯಲ್ಲ, ಈಗ 9,000ಕ್ಕೆ ಹೋದರೆ ಆ ಇಡೀ 9,000 ಆದಾಯ. ‘ಅರ್ಧ ಬೆಲೆಗೆ ಕೊಟ್ಟೆ, ನಷ್ಟವಾಯ್ತು’ ಅಂದರೆ ತೆರಿಗೆ ಆಫೀಸಿನವರು ಕೇಳುವುದಿಲ್ಲ. ಕೊಳ್ಳುವವನಿಗೆ ಸಾಮಾನಿನ ಬೆಲೆ ಏರಿದಷ್ಟೂ ಒಳ್ಳೆಯದು, ಅದನ್ನು ಅವನು ಸವಕಳಿಯೆಂದು ಖರ್ಚು ಹಾಕಬಹುದು. ಗುಡ್‌ವಿಲ್‌ಗೆ ಅವನು ಹಾಗೆ ಮಾಡುವಂತಿಲ್ಲ. ನಿನಗೋ, ಗುಡ್‌ವಿಲ್‌ನಲ್ಲೇ ಸಣ್ಣ ವ್ಯಾಪಾರದ ರಿಯಾಯಿತಿ. 2015ರಲ್ಲಿ ರೈಲು ಸ್ಟೇಷನ್ ಶುರುವಾಯಿತು, ಮ್ಯಾನರ್ ಲೇಕ್ಸ್ ಕಡೆ ಮನೆಗಳೆದ್ದವು, ಶನಿವಾರ ಬೆಳಿಗ್ಗೆ ದೋಸೆ ಹಿಟ್ಟಿಗೆ ಜನ ನಿಂತರು. ಆ ಗಿರಾಕಿಗಳ ಬೆಲೆಯೇ ಗುಡ್‌ವಿಲ್. ಅದನ್ನು ಹಳೇ ಫ್ರೀಜರಿನ ಲೆಕ್ಕಕ್ಕೆ ಸೇರಿಸಲು ಬಿಡಬೇಡ. ಹಾಗಂತ ಮನಸ್ಸಿಗೆ ಬಂದ ಅಂಕಿಯನ್ನೂ ಹಾಕಬೇಡ, ಮಾರುಕಟ್ಟೆ ಬೆಲೆಗೆ ಹೊಂದಬೇಕು.

• ಗುಡ್‌ವಿಲ್‌ಗೆ 2 ಲಕ್ಷ ಡಾಲರ್ ಬಂತೆನ್ನು. ನೀನೇ ಕಟ್ಟಿದ್ದು, ಕೊಂಡ ಬೆಲೆ ಸೊನ್ನೆ, ಅಷ್ಟೂ ಲಾಭ. ಕಂಪನಿಗೆ 25% ಅಂದರೆ 50,000. ವಹಿವಾಟು 20 ಲಕ್ಷದೊಳಗಿದ್ದು ಉಳಿದ ಷರತ್ತುಗಳೂ ಕೂಡಿಬಂದರೆ ಸಣ್ಣ ವ್ಯಾಪಾರದ ರಿಯಾಯಿತಿಯಲ್ಲಿ ಲಾಭದ ಅರ್ಧ ಬಿಟ್ಟುಹೋಗುತ್ತದೆ, ತೆರಿಗೆ 25,000ಕ್ಕೆ ಇಳಿಯುತ್ತದೆ. ಹಿಗ್ಗಬೇಡ. ಬಿಟ್ಟುಹೋದ ಆ ಅರ್ಧವನ್ನು ಡಿವಿಡೆಂಡ್ ಎಂದು ಮನೆಗೆ ತಂದರೆ ನಿನ್ನ ಕೈಯಲ್ಲಿ ಮತ್ತೆ ತೆರಿಗೆ. ನಿವೃತ್ತಿಯ ವಿನಾಯಿತಿ ಬೇರೆ ಇದೆ, ಒಬ್ಬನಿಗೆ ಜೀವಮಾನಕ್ಕೆ 5 ಲಕ್ಷದವರೆಗೆ. 55 ತುಂಬದವನು ಆ ದುಡ್ಡನ್ನು ಸೂಪರ್‌ಗೇ ಹಾಕಬೇಕು. ನಿನಗಿನ್ನೂ 43. ದುಡ್ಡು ಹೊರಗೆ ಬರುವ ದಾರಿಯನ್ನು ಅಕೌಂಟೆಂಟ್ ಹತ್ತಿರ ಮೊದಲೇ ಬರೆಸಿಕೋ.

• ತಾರೀಖು. ನಾನು ಎಡವಿದ್ದೇ ಇಲ್ಲಿ. ಜೂನ್ 26ಕ್ಕೆ ಸಹಿ ಹಾಕಿದೆ, ದುಡ್ಡು ಬಂದದ್ದು ಆಗಸ್ಟ್‌ನಲ್ಲಿ. ದುಡ್ಡು ಬಂದ ವರ್ಷಕ್ಕೇ ತೆರಿಗೆ ಅಂದುಕೊಂಡಿದ್ದೆ. ಬಂಡವಾಳ ಲಾಭಕ್ಕೆ ಲೆಕ್ಕ ಕರಾರಿನ ದಿನ! ಒಂದು ವಾರ ತಡೆದು ಹೊಸ ತೆರಿಗೆ ವರ್ಷದಲ್ಲಿ ಸಹಿ ಹಾಕಿದ್ದರೆ ತೆರಿಗೆ ಕಟ್ಟಲು ಇಡೀ ವರ್ಷ ಸಿಗುತ್ತಿತ್ತು.

• ಜಿಎಸ್‌ಟಿ: ನಡೆಯುತ್ತಿರುವ ವ್ಯಾಪಾರವಾಗಿ ಮಾರಿದರೆ 10% ಬೀಳುವುದಿಲ್ಲ. ಆದರೆ ಕೊಳ್ಳುವವರು ಜಿಎಸ್‌ಟಿಗೆ ನೋಂದಾಯಿಸಿರಬೇಕು, ಇಬ್ಬರೂ ಹಾಗೆಂದು ಬರಹದಲ್ಲಿ ಒಪ್ಪಿರಬೇಕು, ವ್ಯಾಪಾರಕ್ಕೆ ಬೇಕಾದ್ದೆಲ್ಲ ಕೈಬದಲಾಗಬೇಕು, ಒಪ್ಪಿಸುವ ದಿನದವರೆಗೂ ನೀನು ಬಾಗಿಲು ತೆರೆದಿರಬೇಕು. ‘ಹೇಗೂ ಮಾರಾಯ್ತಲ್ಲ’ ಎಂದು ವಾರ ಮೊದಲೇ ಶಟರ್ ಎಳೆದು ಊರಿಗೆ ಟಿಕೆಟ್ ಮಾಡಿಸಬೇಡ.

• ಲೀಸಿಗೆ ಕಟ್ಟಡದವರ ಒಪ್ಪಿಗೆ ಬೇಕು. ಕೌಂಟರಿನ ಹುಡುಗಿ 7 ವರ್ಷ ದಾಟಿದ್ದಾಳೆ, ಅವಳ ದೀರ್ಘ ಸೇವೆಯ ರಜೆ ಯಾರ ತಲೆಗೆ ಎಂದು ಕರಾರಿನಲ್ಲಿರಲಿ.

• ಮುಂದಿನ ಭಾನುವಾರ ಬರುವಾಗ ಕೂಲ್ ರೂಮಿನ ಬಿಲ್ಲು, ಲೀಸು ಎರಡೂ ತಾ. ಬಿಲ್ಲು ಸಿಗದಿದ್ದರೆ ನಮ್ಮ ಗ್ಯಾರೇಜಿನ ಅಕ್ಕಿ ಡಬ್ಬದ ಹಿಂದೆ ನೋಡೋಣ, ನೀನು ಮನೆ ಬದಲಿಸಿದಾಗ ತಂದಿಟ್ಟ ಪೆಟ್ಟಿಗೆ ಅಲ್ಲೇ ಇದೆ.