ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ?

ಕೃಷಿ ಸಬ್ಸಿಡಿ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ ನಾನು ಮರಳಿ ಕೇಳುವುದು ಒಂದೇ: ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ? ಮಣಿಪಾಲದಲ್ಲಿ ಸಂಬಳಕ್ಕೆ ದುಡಿಯುತ್ತ ಕಾರ್ಕಳದ ಕಡೆ ತೋಟ ಇಟ್ಟುಕೊಂಡಿರುವ ನನ್ನಂಥವರಲ್ಲಿ ಹೆಚ್ಚಿನವರ ಉತ್ತರ, ‘ಅಜ್ಜಿಯದ್ದು.’ ಅಜ್ಜಿ ತೀರಿಹೋಗಿ ಯಾವ ಕಾಲವಾಯಿತೋ! ಅಳಿಯಸಂತಾನದ ಕುಟುಂಬಗಳಲ್ಲಂತೂ ಒಂದೇ ಸರ್ವೆ ನಂಬರಿಗೆ ಸಾಲುಸಾಲು ಹೆಸರು, ಅರ್ಧ ಜನ ಮುಂಬೈಯಲ್ಲಿ.

ಹೆಸರು ಸರಿಯಾಗದೆ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಆಗುವುದಿಲ್ಲ. ಎಫ್‌ಐಡಿ ಇಲ್ಲದಿದ್ದರೆ ಕೃಷಿ ಇಲಾಖೆಯಲ್ಲಾಗಲಿ ತೋಟಗಾರಿಕೆ ಇಲಾಖೆಯಲ್ಲಾಗಲಿ ಅರ್ಜಿ ಮುಂದೆ ಹೋಗದು. ನಮ್ಮಲ್ಲಿ ಪೌತಿ ಖಾತೆ ಮಾಡಿಸಲು ಹೊರಟಾಗ ದೊಡ್ಡಮ್ಮ ಪೆನ್ನು ಹಿಡಿದುಕೊಂಡೇ ಕೇಳಿದರು, “ಸಹಿ ಹಾಕಿದ್ರೆ ನನ್ನ ಪಾಲು ಹೋಗುದಿಲ್ವಾ ಮಗಾ?”

“ಇಲ್ಲ ದೊಡ್ಡಮ್ಮ, ಅಜ್ಜಿಯ ಹೆಸರಿದ್ದಲ್ಲಿ ನಿಮ್ಮೆಲ್ಲರ ಹೆಸರು ಬರ್ತದೆ, ಅಷ್ಟೇ.”

ಆ ಮಾತು ಅವರ ಮನಸ್ಸಿಗೆ ಇಳಿಯಲು ಒಂದು ಮಳೆಗಾಲ ಬೇಕಾಯಿತು. ಇನ್ನೊಂದು ತೊಡಕು ಕರಾವಳಿಯದ್ದೇ: ಕುಮ್ಕಿ. ವರ್ಗ (ಪಟ್ಟಾ) ಜಾಗಕ್ಕೆ ತಾಗಿದ ಆ ಸರಕಾರಿ ಭೂಮಿಯಲ್ಲಿ ಅಡಿಕೆ ಎಷ್ಟೇ ಸೊಂಪಾಗಿ ಬೆಳೆದಿರಲಿ, ಪಹಣಿ ನಿಮ್ಮ ಹೆಸರಿನಲ್ಲಿಲ್ಲ. ಹಾಗಾಗಿ ಸಬ್ಸಿಡಿಯ ಲೆಕ್ಕಕ್ಕೆ ಆ ಮರಗಳೂ ಇಲ್ಲ.

ಕಾಗದ ಸರಿಯಿದ್ದರೆ ಮಣಿಪಾಲದ ಜಿಲ್ಲಾ ಕಚೇರಿ ಸಂಕೀರ್ಣ ರಜತಾದ್ರಿಯ ಮೆಟ್ಟಿಲು ಹತ್ತುವ ಅಗತ್ಯ ಬೀಳುವುದೇ ಕಡಿಮೆ. ಭತ್ತದ ಬೀಜ, ಯಂತ್ರಗಳಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರ. ಕಾಪು, ಕಾರ್ಕಳ, ಅಜೆಕಾರು ಎಲ್ಲ ಕಡೆ ಇದೆ. ಯಂತ್ರಕ್ಕೆ ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟರಿಗೆ ಶೇ. 90 ಸಹಾಯಧನ, ಮಿತಿಯೊಳಗೆ. ಆದರೆ ವರ್ಷಕ್ಕೆ ನಾಲ್ಕು ದಿನ ಓಡುವ ಯಂತ್ರ ಅರ್ಧ ಬೆಲೆಗೂ ದುಬಾರಿಯೇ. ಕೃಷಿ ಯಂತ್ರಧಾರೆಯಿಂದ ಬಾಡಿಗೆಗೆ ತನ್ನಿ. ಹನಿ ನೀರಾವರಿಗೆ ತೋಟಗಾರಿಕೆ ಇಲಾಖೆ ಶೇಕಡಾವಾರು ಲೆಕ್ಕದಲ್ಲಿ ಸಹಾಯಧನ ಕೊಡುತ್ತದೆ. ಆ ಶೇಕಡಾವಾರು ಸರಕಾರ ನಿಗದಿ ಮಾಡಿದ ಘಟಕ ವೆಚ್ಚಕ್ಕೆ, ಅಂಗಡಿಯವರ ಬಿಲ್ಲಿಗಲ್ಲ. ಕಾರ್ಯಾದೇಶ ಕೈಗೆ ಬರುವ ಮೊದಲು ಪೈಪು ಕೊಳ್ಳಬೇಡಿ.

ನನ್ನ ಮಟ್ಟಿಗೆ ಕೊಟ್ಟ ದುಡ್ಡಿಗೆ ಹೆಚ್ಚು ಬೆಲೆ ಬರುವುದು ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ. ಇತ್ತೀಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂ. ವಿಮಾ ಮೊತ್ತ, ರೈತರ ಪಾಲು ಅದರ ಶೇ. 5, ಅಂದರೆ 6,400 ರೂ.; ಎಕರೆಗೆ ಸುಮಾರು 2,590. ನಿಮ್ಮ ತೋಟಕ್ಕೆ ಕೊಳೆರೋಗ ಬಂದಿದೆಯೇ ಎಂದು ನೋಡಲು ಯಾರೂ ಬರುವುದಿಲ್ಲ; ಹಣ ತೀರ್ಮಾನಿಸುವುದು ಮಳೆಮಾಪಕ. ಹಾಗಾಗಿ ರೋಗವಿಲ್ಲದ ತೋಟಕ್ಕೂ ಪರಿಹಾರ ಬಂದದ್ದುಂಟು, ಕೊಳೆತು ಬಿದ್ದಲ್ಲಿಗೆ ಬಾರದ್ದೂ ಉಂಟು. ಬೆಳೆ ಸಮೀಕ್ಷೆಯಲ್ಲಿ ಏನು ದಾಖಲಾಗಿದೆ ಎಂಬುದನ್ನು ಮಾತ್ರ ನೋಡಿಕೊಳ್ಳಲೇಬೇಕು. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು ಅಲ್ಲಿ ಇಲ್ಲವೆಂದರೆ ಅದಕ್ಕೆ ಕಟ್ಟಿದ ಕಂತು ವ್ಯರ್ಥ.

ಕಾಪುವಿನ ನಮ್ಮ ಭಾವನವರ ಕಷ್ಟವೇ ಬೇರೆ. ಬೇಸಿಗೆಯಲ್ಲಿ ಹೊಳೆಯಲ್ಲಿ ಉಪ್ಪುನೀರು ಮೇಲೇರಿ ಬಾವಿ ಕೆಡುತ್ತದೆ. ಅದನ್ನು ತಡೆಯುವ ಕಿಂಡಿ ಅಣೆಕಟ್ಟಿಗೆ ಒಬ್ಬರೇ ಅರ್ಜಿ ಹಾಕಿ ಪ್ರಯೋಜನವಿಲ್ಲ, ಗ್ರಾಮಸಭೆಯಲ್ಲಿ ಕೇಳಬೇಕು. ಕಟ್ಟಿದ ಮೇಲೂ ಮಳೆ ನಿಂತ ಕೂಡಲೇ ಹಲಗೆ ಹಾಕಿಸಲು ಪ್ರತಿವರ್ಷ ಬೆನ್ನು ಹತ್ತಬೇಕು. ಭಾವನವರು ಹತ್ತುತ್ತಾರೆ ಮಾರಾಯ್ರೆ, ಅವರಿಗೆ ಪುರುಸೊತ್ತಿದೆ.

ಪುರುಸೊತ್ತಿಲ್ಲದ ನನಗೆ ಹಿಡಿಸಿದ್ದು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. 2011-12ರಿಂದ ಇದ್ದರೂ ಸಬ್ಸಿಡಿ ಮಾತು ಬಂದಾಗ ಇದರ ಹೆಸರು ಹೇಳುವವರು ಕಡಿಮೆ. ಪಹಣಿ, ಪಾಸ್‌ಪುಸ್ತಕ ಕೊಟ್ಟು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ತರುವುದು. ಬದುಕಿದ ಸಸಿಯೊಂದಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂ. ನೂರು ಸಸಿ ಮೂರು ವರ್ಷ ಉಳಿದರೆ 12,500 ರೂ. ನೀಲಗಿರಿ, ಅಕೇಶಿಯಕ್ಕೆ ಈ ಹಣವಿಲ್ಲ, ಅದು ಸರಿಯೇ. ಮುರಕಲ್ಲಿನ ಗುಡ್ಡೆಯಲ್ಲಿ ಗುಂಡಿ ತೋಡಿಸುವ ಕೂಲಿ, ದನಕ್ಕೆ ಬೇಲಿ ಇವನ್ನೆಲ್ಲ ಹಾಕಿದರೆ ಪ್ರೋತ್ಸಾಹಧನದಲ್ಲಿ ಲಾಭವೇನೂ ಉಳಿಯುವುದಿಲ್ಲ. ಖರ್ಚು ಒಂದಿಷ್ಟು ತೀರುತ್ತದೆ, ಮರ ನಮ್ಮದಾಗುತ್ತದೆ. ಸಸಿ ಬೇಕಾದವರು ಮೇ ತಿಂಗಳಲ್ಲೇ ವಿಚಾರಿಸಿ. ಮಳೆ ಹಿಡಿದ ಮೇಲೆ ಹೋದರೆ ಹೆಬ್ಬಲಸು ಖಾಲಿಯಾಗಿ, ಉಳಿದದ್ದನ್ನು ತರಬೇಕಾಗುತ್ತದೆ.